ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯ ನೇರವಾಗಿ ಓದಬಲ್ಲದೇ?

ಪ್ರಶ್ನೆ: ಬಿಎಸ್ಸಿ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಅಜ್ಜಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಇತ್ತೀಚೆಗೆ ವೈದ್ಯರು ಮಾತ್ರೆಗಳ ಜೊತೆಗೆ ಇನ್ಸುಲಿನ್ ಚುಚ್ಚುಮದ್ದನ್ನೂ ಬರೆದುಕೊಟ್ಟಿದ್ದಾರೆ. ಸೀಸೆಯ ಚೀಟಿಯಲ್ಲಿ ‘ಹ್ಯೂಮನ್ ಇನ್ಸುಲಿನ್, ಆರ್‌ಡಿಎನ್‌ಎ ಮೂಲದ್ದು’ ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದೆ (ಆರ್‌ಡಿಎನ್‌ಎ ಎಂದರೆ ಮರುಜೋಡಿತ ಡಿಎನ್‌ಎ). ಅದನ್ನು ಓದಿ ಹೇಳಿದಾಗ ಅಜ್ಜಿ, ಇದನ್ನು ದನದಿಂದ ತೆಗೆಯುತ್ತಾರೋ ಮನುಷ್ಯರಿಂದ ತೆಗೆಯುತ್ತಾರೋ ಎಂದು ಕೇಳಿದರು. ಬ್ಯಾಕ್ಟೀರಿಯದಿಂದ ಮಾಡಿಸುತ್ತಾರೆ ಎಂದು ಹೇಳಿದೆನಾದರೂ ಅದು ಹೇಗೆ ಎಂದು ವಿವರಿಸಲು ಹೊರಟಾಗ ನನಗೇ ಒಂದು ತೊಡಕು ಎದುರಾಯಿತು.

ಪಠ್ಯಪುಸ್ತಕದ ಚಿತ್ರ ಸರಳವಾಗಿದೆ. ಮನುಷ್ಯನ ಡಿಎನ್‌ಎಯಿಂದ ಇನ್ಸುಲಿನ್ ಜೀನನ್ನು ರೆಸ್ಟ್ರಿಕ್ಷನ್ ಕಿಣ್ವದಿಂದ ಕತ್ತರಿಸುವುದು, ಅದೇ ಕಿಣ್ವದಿಂದ ಪ್ಲಾಸ್ಮಿಡ್ (ಬ್ಯಾಕ್ಟೀರಿಯದ ಉಂಗುರಾಕಾರದ ಪುಟ್ಟ ಡಿಎನ್‌ಎ) ಅನ್ನೂ ಕತ್ತರಿಸಿ ಎರಡನ್ನೂ ಲೈಗೇಸ್‌ನಿಂದ ಬೆಸೆಯುವುದು, ಅದನ್ನು ಇ. ಕೋಲೈ ಎಂಬ ಬ್ಯಾಕ್ಟೀರಿಯದ ಕೋಶದೊಳಗೆ ಸೇರಿಸುವುದು. ಬಾಣದ ಗುರುತಿನ ಕೊನೆಯಲ್ಲಿ ಇನ್ಸುಲಿನ್ ಸಿದ್ಧ. ಆದರೆ ಅದೇ ಪುಸ್ತಕದ ಮತ್ತೊಂದು ಅಧ್ಯಾಯದಲ್ಲಿ, ಮನುಷ್ಯನ ಜೀನ್‌ಗಳ ನಡುವೆ ಪ್ರೋಟೀನ್‌ಗೆ ಸಂಬಂಧಿಸದ ಇಂಟ್ರಾನ್ ಎಂಬ ಭಾಗಗಳಿರುತ್ತವೆ, ಅವುಗಳನ್ನು ತೆಗೆದುಹಾಕುವ ವ್ಯವಸ್ಥೆ ಬ್ಯಾಕ್ಟೀರಿಯದಲ್ಲಿ ಇಲ್ಲ ಎಂದಿದೆ. ಹಾಗಿದ್ದರೆ ಆ ಚಿತ್ರದಲ್ಲಿ ತೋರಿಸಿದಂತೆ ಮಾಡಿದರೆ ಬ್ಯಾಕ್ಟೀರಿಯ ನಿಜವಾಗಿಯೂ ಇನ್ಸುಲಿನ್ ತಯಾರಿಸೀತೇ? ಎಲ್ಲ ಜೀವಿಗಳಿಗೂ ಜೆನೆಟಿಕ್ ಸಂಕೇತ ಒಂದೇ ಎಂಬ ಮಾತಿಗೂ ಇದಕ್ಕೂ ಹೊಂದಾಣಿಕೆ ಹೇಗೆ? ಮೊದಲ ಬಾರಿಗೆ ಇದನ್ನು ಸಾಧಿಸಿದವರು ಏನು ಮಾಡಿದರು ಎಂಬುದನ್ನು ತಿಳಿದವರು ಸ್ವಲ್ಪ ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ಆಣ್ವಿಕ ಜೀವಶಾಸ್ತ್ರ ಬೋಧಕಿ, ಧಾರವಾಡ

ನಿಮ್ಮ ಸಂದೇಹ ಸರಿಯಾಗಿದೆ. ಮನುಷ್ಯನ ವರ್ಣತಂತುವಿನಲ್ಲಿರುವ ಇನ್ಸುಲಿನ್ ಜೀನನ್ನು ಇದ್ದ ಹಾಗೆಯೇ ಕತ್ತರಿಸಿ ಇ. ಕೋಲೈಗೆ ಕೊಟ್ಟರೆ ಇನ್ಸುಲಿನ್ ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂಬುದು ತರಗತಿಯಲ್ಲಿ ಬಹಳ ಮಟ್ಟಿಗೆ ಬಿಟ್ಟುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಜೀನ್ ಎಂದರೇನು ಎಂಬುದು ಮನಸ್ಸಿಗೆ ಗಟ್ಟಿಯಾಗಿ ಇಳಿಯುವುದು ಈ ಪ್ರಶ್ನೆಯ ಮೂಲಕವೇ.

ಸಂಕೇತ ಒಂದೇ ಎಂಬ ಮಾತು ಎಲ್ಲಿಯವರೆಗೆ ನಿಜ ಎಂಬುದನ್ನು ಮೊದಲು ನೋಡೋಣ. ಡಿಎನ್‌ಎಯ ನಾಲ್ಕು ಅಕ್ಷರಗಳನ್ನು ಮೂರು ಮೂರಾಗಿ ಜೋಡಿಸಿದರೆ 64 ಕೋಡಾನ್‌ಗಳಾಗುತ್ತವೆ. ಅವುಗಳಲ್ಲಿ 61 ಕೋಡಾನ್‌ಗಳು 20 ಅಮೈನೊ ಆಮ್ಲಗಳನ್ನು ಸೂಚಿಸುತ್ತವೆ, ಉಳಿದ ಮೂರು ಪ್ರೋಟೀನ್ ಇಲ್ಲಿಗೆ ಮುಗಿಯಿತು ಎಂದು ಹೇಳುತ್ತವೆ. ಎಟಿಜಿ ಎಂಬ ಕೋಡಾನ್ ಮನುಷ್ಯನಲ್ಲಿಯೂ ಮೆಥಿಯೊನಿನ್, ಇ. ಕೋಲೈಯಲ್ಲಿಯೂ ಮೆಥಿಯೊನಿನ್. ಆದ್ದರಿಂದ ಕೋಡಾನ್‌ಗಳ ಸಾಲೊಂದು ಬ್ಯಾಕ್ಟೀರಿಯದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್‌ವರೆಗೆ ತಲುಪಿತೆಂದರೆ, ಅಲ್ಲಿಂದ ಹೊರಬರುವ ಅಮೈನೊ ಆಮ್ಲಗಳ ಸರಪಳಿಯೂ ನಮ್ಮ ಜೀವಕೋಶದಲ್ಲಿ ಬರುವ ಸರಪಳಿಯೂ ಒಂದೇ ಆಗಿರುತ್ತವೆ. ತಳಿ ಎಂಜಿನಿಯರಿಂಗ್ ಸಾಧ್ಯವಾದದ್ದೇ ಇದರಿಂದ. ಆದರೆ ಓದು ಎಲ್ಲಿಂದ ಆರಂಭವಾಗಬೇಕು, ಯಾವ ಭಾಗವನ್ನು ಬಿಡಬೇಕು, ತಯಾರಾದ ಸರಪಳಿಯನ್ನು ಎಲ್ಲಿ ಕತ್ತರಿಸಬೇಕು, ಹೇಗೆ ಮಡಿಸಬೇಕು ಎಂಬ ಸಂಗತಿಗಳು ಕೋಡಾನ್‌ಗಳ ಪಟ್ಟಿಯಲ್ಲಿ ಇಲ್ಲ. ಅವುಗಳನ್ನು ನಡೆಸುವುದು ಆಯಾ ಜೀವಕೋಶದ ಸ್ವಂತ ವ್ಯವಸ್ಥೆ, ಮತ್ತು ಆ ವ್ಯವಸ್ಥೆ ಮನುಷ್ಯನದೇ ಬೇರೆ, ಬ್ಯಾಕ್ಟೀರಿಯದ್ದೇ ಬೇರೆ.

ಇನ್ಸುಲಿನ್ ಜೀನ್ ಇರುವುದು ನಮ್ಮ 11ನೆಯ ವರ್ಣತಂತುವಿನಲ್ಲಿ. ಆರ್‌ಎನ್‌ಎಗೆ ನಕಲಾಗುವ ಭಾಗದ ಉದ್ದ ಸುಮಾರು 1,400 ಅಕ್ಷರ ಜೋಡಿಗಳು. ಅದರಲ್ಲಿ ಎರಡು ಇಂಟ್ರಾನ್‌ಗಳಿವೆ. ಎರಡನೆಯ ಇಂಟ್ರಾನ್ ಪ್ರೋಟೀನ್‌ಗೆ ಸಂಬಂಧಿಸಿದ ಕೋಡಾನ್‌ಗಳ ಸಾಲಿನ ನಡುವೆಯೇ ಕುಳಿತಿದೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇಡೀ ಜೀನನ್ನು ಆರ್‌ಎನ್‌ಎಗೆ ನಕಲು ಮಾಡಿ, ಇಂಟ್ರಾನ್‌ಗಳನ್ನು ಕತ್ತರಿಸಿ ತೆಗೆದು, ಉಳಿದ ತುಂಡುಗಳನ್ನು ಬೆಸೆದು ರೈಬೋಸೋಮ್‌ಗೆ ಕಳುಹಿಸುತ್ತವೆ. ಇ. ಕೋಲೈ ಹಾಗೆ ಮಾಡದೆ ಇಂಟ್ರಾನ್‌ನ ಅಕ್ಷರಗಳನ್ನೂ ಕೋಡಾನ್‌ಗಳೆಂದೇ ಓದಿಕೊಂಡು ಹೋಗುತ್ತದೆ. ಅದಕ್ಕೂ ಮೊದಲೇ ಮತ್ತೊಂದು ಅಡ್ಡಿ ಇದೆ. ಬ್ಯಾಕ್ಟೀರಿಯದ ಆರ್‌ಎನ್‌ಎ ಪಾಲಿಮರೇಸ್ ಕಿಣ್ವ ನಕಲು ಆರಂಭಿಸುವುದಕ್ಕೆ ಜೀನ್‌ನ ಮುಂದೆ ತಾನು ಗುರುತಿಸಬಲ್ಲ ಪ್ರೊಮೋಟರ್ ಇರಬೇಕು, ರೈಬೋಸೋಮ್ ಬಂದು ಕೂರುವುದಕ್ಕೂ ತಕ್ಕ ಅಕ್ಷರಗಳಿರಬೇಕು. ಮನುಷ್ಯನ ಜೀನ್‌ನ ಮುಂದಿರುವ ಪ್ರೊಮೋಟರ್ ಬ್ಯಾಕ್ಟೀರಿಯಕ್ಕೆ ಗುರುತೇ ಸಿಗುವುದಿಲ್ಲ.

ಇವೆರಡನ್ನೂ ದಾಟಿದೆವು ಎಂದುಕೊಂಡರೂ ಮುಂದಿನ ತೊಡಕು ಉಳಿದಿರುತ್ತದೆ. ಜೀನ್ ನೇರವಾಗಿ ಸೂಚಿಸುವುದು ಇನ್ಸುಲಿನ್ ಅನ್ನಲ್ಲ, 110 ಅಮೈನೊ ಆಮ್ಲಗಳ ಪ್ರಿ-ಪ್ರೊ-ಇನ್ಸುಲಿನ್ ಎಂಬ ಉದ್ದನೆಯ ಸರಪಳಿಯನ್ನು. ಅದರ ಮೊದಲ 24 ಅಮೈನೊ ಆಮ್ಲಗಳು ಸರಪಳಿಯನ್ನು ಕೋಶದ ಸ್ರವಿಸುವ ಮಾರ್ಗಕ್ಕೆ ಸೇರಿಸಿದ ಕೂಡಲೇ ಕತ್ತರಿಸಿಹೋಗುತ್ತವೆ. ಉಳಿದ 86ರ ಪ್ರೊ-ಇನ್ಸುಲಿನ್‌ನಲ್ಲಿ ಒಂದು ತುದಿಗೆ 30 ಅಮೈನೊ ಆಮ್ಲಗಳ ಬಿ ಸರಪಳಿ, ಇನ್ನೊಂದು ತುದಿಗೆ 21ರ ಎ ಸರಪಳಿ, ನಡುವೆ 31ರ ಸಿ-ಪೆಪ್ಟೈಡ್, ಅದರ ಎರಡೂ ಬದಿಗೆ ಕತ್ತರಿಸುವಾಗ ಬಿದ್ದುಹೋಗುವ ಎರಡೆರಡು ಅಮೈನೊ ಆಮ್ಲಗಳು ಇರುತ್ತವೆ. ಸರಪಳಿ ಮಡಿಸಿಕೊಂಡು ಎ ಮತ್ತು ಬಿ ಭಾಗಗಳ ನಡುವೆ ಬಂಧಗಳು ಏರ್ಪಟ್ಟ ಮೇಲೆ ಬೀಟಾ ಕೋಶದ ಕಿಣ್ವಗಳು ಸಿ-ಪೆಪ್ಟೈಡನ್ನು ಕತ್ತರಿಸಿ ಬೇರ್ಪಡಿಸುತ್ತವೆ. ರಕ್ತಕ್ಕೆ ಬರುವ ಇನ್ಸುಲಿನ್ ಎಂದರೆ ಉಳಿದ 51 ಅಮೈನೊ ಆಮ್ಲಗಳು ಮಾತ್ರ. ಈ ಕತ್ತರಿಸುವ ಕಿಣ್ವಗಳು ಇ. ಕೋಲೈಯಲ್ಲಿ ಇಲ್ಲ.

1978ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಸಿಟಿ ಆಫ್ ಹೋಪ್ ಸಂಸ್ಥೆಯ ಆರ್ಥರ್ ರಿಗ್ಸ್ ಮತ್ತು ಕೆಯಿಚಿ ಇಟಾಕುರ, ಜೆನೆನ್‌ಟೆಕ್ ಕಂಪನಿಯ ಡೇವಿಡ್ ಗೊಡೆಲ್ ಮೊದಲಾದವರು ಸೇರಿ ಈ ಕೆಲಸವನ್ನು ಸಾಧಿಸಿದರು. ಅವರು ಮನುಷ್ಯನ ಜೀನನ್ನು ಮುಟ್ಟಲೇ ಇಲ್ಲ. ಇನ್ಸುಲಿನ್‌ನ ಅಮೈನೊ ಆಮ್ಲಗಳ ಕ್ರಮ ಆಗಲೇ ತಿಳಿದಿತ್ತು. ಫ್ರೆಡರಿಕ್ ಸ್ಯಾಂಗರ್ ದನದ ಇನ್ಸುಲಿನ್‌ನ ಪೂರ್ತಿ ಕ್ರಮವನ್ನು 1950ರ ದಶಕದಲ್ಲಿಯೇ ಬಿಡಿಸಿ, ಅದಕ್ಕಾಗಿ 1958ರ ನೊಬೆಲ್ ಪ್ರಶಸ್ತಿ ಪಡೆದಿದ್ದರು. ಅಮೈನೊ ಆಮ್ಲಗಳ ಕ್ರಮ ಗೊತ್ತಿದ್ದರೆ ಅದಕ್ಕೆ ಹೊಂದುವ ಕೋಡಾನ್‌ಗಳನ್ನು ನಾವೇ ಆರಿಸಿಕೊಂಡು ಡಿಎನ್‌ಎಯನ್ನು ರಾಸಾಯನಿಕವಾಗಿ ಜೋಡಿಸಬಹುದು. ಜೀನನ್ನು ಪ್ರಯೋಗಶಾಲೆಯಲ್ಲಿ ಕಟ್ಟಬಹುದು ಎಂಬುದನ್ನು ಹರಗೋಬಿಂದ್ ಖುರಾನಾ ಅವರ ತಂಡ 1970ರಲ್ಲಿಯೇ ತೋರಿಸಿಕೊಟ್ಟಿತ್ತು. ಹಾಗೆ ಎ ಸರಪಳಿಗೊಂದು, ಬಿ ಸರಪಳಿಗೊಂದು ಎಂದು ಎರಡು ಪ್ರತ್ಯೇಕ ಜೀನ್‌ಗಳನ್ನು 29 ಚಿಕ್ಕ ಚಿಕ್ಕ ಡಿಎನ್‌ಎ ತುಣುಕುಗಳಿಂದ ಬೆಸೆದು ಕಟ್ಟಿದರು. ಎ ಜೀನ್ 77 ಅಕ್ಷರ ಜೋಡಿ, ಬಿ ಜೀನ್ 104. ಇಂಟ್ರಾನ್ ಇಲ್ಲ, ಸಿ-ಪೆಪ್ಟೈಡ್ ಇಲ್ಲ, ಮುಂಭಾಗದ 24 ಇಲ್ಲ.

ಕೋಡಾನ್ ಆರಿಸಿಕೊಳ್ಳುವುದರಲ್ಲಿಯೂ ಸ್ವಾತಂತ್ರ್ಯವಿತ್ತು ಎಂಬುದನ್ನು ಗಮನಿಸಿ. ಗ್ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ನಾಲ್ಕು ಕೋಡಾನ್‌ಗಳಿವೆ, ಆರ್ಜಿನಿನ್‌ಗೆ ಆರು. ಅರ್ಥ ಒಂದೇ ಆದರೂ ಪ್ರತಿಯೊಂದು ಜೀವಿಯೂ ಕೆಲವನ್ನು ಹೆಚ್ಚಾಗಿ, ಕೆಲವನ್ನು ಅಪರೂಪವಾಗಿ ಬಳಸುತ್ತದೆ. ಆರ್ಜಿನಿನ್‌ನ ಎಜಿಎ ಮತ್ತು ಎಜಿಜಿ ಇ. ಕೋಲೈಯಲ್ಲಿ ಬಹಳ ಅಪರೂಪ. ಅಂಥವು ಸಾಲಾಗಿ ಬಂದರೆ ರೈಬೋಸೋಮ್ ನಿಧಾನಗೊಳ್ಳುತ್ತದೆ. ಜೀನನ್ನು ನಾವೇ ಬರೆಯುವಾಗ ಬ್ಯಾಕ್ಟೀರಿಯಕ್ಕೆ ಒಗ್ಗುವ ಕೋಡಾನ್‌ಗಳನ್ನೇ ಹಾಕಬಹುದು.

ನಾನು ತರಗತಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಮುಂದಿನ ಹಂತದಲ್ಲಿ. ಇದೇ ಗುಂಪು 1977ರಲ್ಲಿ, ಇನ್ಸುಲಿನ್‌ಗೂ ಮೊದಲು, ಸೊಮ್ಯಾಟೊಸ್ಟ್ಯಾಟಿನ್ ಎಂಬ ಕೇವಲ 14 ಅಮೈನೊ ಆಮ್ಲಗಳ ಹಾರ್ಮೋನನ್ನು ಇ. ಕೋಲೈಯಲ್ಲಿ ಮಾಡಿಸಲು ಹೊರಟಿತ್ತು. ಜೀನ್ ಸರಿಯಾಗಿ ಕೋಶದೊಳಗೆ ಹೋಗಿದ್ದರೂ ಮೊದಲ ರಚನೆಯಲ್ಲಿ ಹಾರ್ಮೋನ್ ಕಾಣಿಸಲೇ ಇಲ್ಲ. ಪರಕೀಯವಾದ, ಚಿಕ್ಕದಾದ ಪೆಪ್ಟೈಡನ್ನು ಬ್ಯಾಕ್ಟೀರಿಯದ ಪ್ರೋಟೀನ್ ಒಡೆಯುವ ಕಿಣ್ವಗಳು ಉಳಿಯಗೊಡುತ್ತಿರಲಿಲ್ಲ. ಆಗ ಅವರು ಬ್ಯಾಕ್ಟೀರಿಯದ್ದೇ ಆದ, ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ದೊಡ್ಡ ಕಿಣ್ವದ ಕೊನೆಯ ಭಾಗಕ್ಕೆ ಆ ಹಾರ್ಮೋನನ್ನು ಅಂಟಿಸಿದರು. ದೊಡ್ಡ ಪ್ರೋಟೀನ್‌ನ ಬಾಲವಾಗಿ ಬಂದ ಹಾರ್ಮೋನ್ ಉಳಿದುಕೊಂಡಿತು. ಇನ್ಸುಲಿನ್‌ನ ಎ ಮತ್ತು ಬಿ ಸರಪಳಿಗಳಿಗೂ ಇದೇ ಉಪಾಯವನ್ನು ಬಳಸಿದರು. ಬೀಟಾ-ಗ್ಯಾಲಕ್ಟೊಸಿಡೇಸ್ ಜೀನ್‌ನ ಮುಂದೆ ಅದರದ್ದೇ ಪ್ರೊಮೋಟರ್ ಇರುವುದರಿಂದ ಪ್ರೊಮೋಟರ್‌ನ ಸಮಸ್ಯೆಯೂ ಇದರಲ್ಲೇ ಬಗೆಹರಿಯಿತು.

ಹಾಗಾದರೆ ಆ ದೊಡ್ಡ ಕಿಣ್ವದಿಂದ ಇನ್ಸುಲಿನ್ ಸರಪಳಿಯನ್ನು ಬೇರ್ಪಡಿಸುವುದು ಹೇಗೆ? ಸಯನೋಜನ್ ಬ್ರೋಮೈಡ್ ಎಂಬ ರಾಸಾಯನಿಕವು ಪ್ರೋಟೀನ್ ಸರಪಳಿಯನ್ನು ಮೆಥಿಯೊನಿನ್‌ನ ಮುಂದಿನ ಬಂಧದಲ್ಲಿ ಮಾತ್ರ ಕತ್ತರಿಸುತ್ತದೆ. ಆದ್ದರಿಂದ ಕಟ್ಟಿದ ಜೀನ್‌ನ ಆರಂಭದಲ್ಲಿ ಒಂದು ಎಟಿಜಿಯನ್ನು ಬರೆದಿದ್ದರು. ದೊಡ್ಡ ಕಿಣ್ವಕ್ಕೂ ಇನ್ಸುಲಿನ್ ಸರಪಳಿಗೂ ನಡುವೆ ಒಂದು ಮೆಥಿಯೊನಿನ್ ಬಂದು ಕೂರುವಂತೆ. ಬೀಟಾ-ಗ್ಯಾಲಕ್ಟೊಸಿಡೇಸ್‌ನ ಒಳಗೂ ಹಲವು ಮೆಥಿಯೊನಿನ್‌ಗಳಿರುವುದರಿಂದ ಅದು ಚೂರು ಚೂರಾಗುತ್ತದೆ, ಆಗಲಿ. ಮನುಷ್ಯನ ಇನ್ಸುಲಿನ್‌ನ ಎ ಸರಪಳಿಯಲ್ಲಾಗಲಿ ಬಿ ಸರಪಳಿಯಲ್ಲಾಗಲಿ ಒಂದೇ ಒಂದು ಮೆಥಿಯೊನಿನ್ ಇಲ್ಲ, ಹೀಗಾಗಿ ಅವು ಇಡಿಯಾಗಿ ಹೊರಬರುತ್ತವೆ. ಇನ್ಸುಲಿನ್‌ನ ನಡುವೆ ಎಲ್ಲಾದರೂ ಒಂದು ಮೆಥಿಯೊನಿನ್ ಇದ್ದಿದ್ದರೆ ಈ ದಾರಿಯೇ ಮುಚ್ಚಿಹೋಗುತ್ತಿತ್ತು. ಅಮೈನೊ ಆಮ್ಲಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನೀವೇ ಒಮ್ಮೆ ಹುಡುಕಿ ನೋಡಿ. ಪ್ರೋಟೀನ್‌ನ ಕ್ರಮ ತಿಳಿದಿರುವುದು ಎಷ್ಟು ದೊಡ್ಡ ಆಸ್ತಿ ಎಂಬುದು ಅರ್ಥವಾಗುತ್ತದೆ.

ಉತ್ತರ 2: ಸಂಶೋಧನಾ ವಿದ್ಯಾರ್ಥಿ, ಮೈಸೂರು

ಮೇಡಂ ಬರೆದಿರುವುದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಜೀನನ್ನು ರಾಸಾಯನಿಕವಾಗಿ ಕಟ್ಟುವುದೊಂದೇ ದಾರಿಯಾಗಿರಲಿಲ್ಲ. ಬೀಟಾ ಕೋಶದಲ್ಲಿ ಇಂಟ್ರಾನ್‌ಗಳು ಕತ್ತರಿಸಿಹೋದ ಮೇಲೆ ಉಳಿಯುವ ಸಂದೇಶವಾಹಕ ಆರ್‌ಎನ್‌ಎಯನ್ನು ಹಿಡಿದು, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದಿಂದ ಅದನ್ನು ಮತ್ತೆ ಡಿಎನ್‌ಎಗೆ ನಕಲು ಮಾಡಿದರೆ ಇಂಟ್ರಾನ್ ಇಲ್ಲದ ಜೀನ್ ಸಿಗುತ್ತದೆ. ಅದಕ್ಕೆ ಸಿ-ಡಿಎನ್‌ಎ ಎನ್ನುತ್ತಾರೆ. ಹಾರ್ವರ್ಡ್‌ನ ವಾಲ್ಟರ್ ಗಿಲ್ಬರ್ಟ್ ಅವರ ತಂಡ ಇದೇ ದಾರಿಯಲ್ಲಿ ಹೊರಟಿತ್ತು. ಆದರೆ ಇಂಥ ಪ್ರಯೋಗಗಳ ಸುರಕ್ಷತೆಯ ಬಗ್ಗೆ ಕ್ಯಾಲಿಫೋರ್ನಿಯದ ಅಸಿಲೊಮಾರ್‌ನಲ್ಲಿ 1975ರಲ್ಲಿ ನಡೆದ ವಿಜ್ಞಾನಿಗಳ ಸಭೆಯ ನಂತರ ಅಮೆರಿಕದಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ ಮನುಷ್ಯನ ಸಹಜ ಡಿಎನ್‌ಎಯನ್ನು ಬ್ಯಾಕ್ಟೀರಿಯಕ್ಕೆ ಸೇರಿಸಬೇಕಿದ್ದರೆ ಅತ್ಯಂತ ಬಿಗಿಯಾದ ಭದ್ರತೆಯ ಪ್ರಯೋಗಶಾಲೆ ಬೇಕಿತ್ತು. ಅದಕ್ಕಾಗಿ ಗಿಲ್ಬರ್ಟ್ ತಂಡ ಇಂಗ್ಲೆಂಡಿನ ಪೋರ್ಟನ್ ಡೌನ್‌ನಲ್ಲಿದ್ದ ಅಂಥ ಪ್ರಯೋಗಶಾಲೆಗೆ ಹೋಗಬೇಕಾಯಿತು. ಕೈಯಿಂದ ಕಟ್ಟಿದ ಜೀನ್‌ಗೆ ಅಷ್ಟು ಬಿಗಿ ಇರಲಿಲ್ಲ. ಜೆನೆನ್‌ಟೆಕ್ ಕಡೆಯವರು ಮೊದಲು ಗುರಿ ಮುಟ್ಟಲು ಇದೂ ಒಂದು ಕಾರಣ.

ಕತ್ತರಿಸಿ ಬೆಸೆಯುವ ಕೆಲಸ ಕಾಗದದ ಮೇಲೆ ಕಾಣುವುದಕ್ಕಿಂತ ಬೇರೆಯೇ ಎಂಬುದನ್ನೂ ಹೇಳಬೇಕು. ಇಕೋ ಆರ್ ಒನ್ ಎಂಬ ಕಿಣ್ವ ಜಿಎಎಟಿಟಿಸಿ ಎಂಬ ಆರು ಅಕ್ಷರಗಳನ್ನು ಕಂಡಲ್ಲಿ ಮಾತ್ರ ಕತ್ತರಿಸುತ್ತದೆ, ಅದೂ ಎರಡು ಎಳೆಗಳಲ್ಲಿ ನೇರವಾಗಿ ಅಲ್ಲ, ಓರೆಯಾಗಿ. ಅದರಿಂದ ಎಎಟಿಟಿ ಎಂಬ ನಾಲ್ಕು ಅಕ್ಷರಗಳ ಒಂಟಿ ಎಳೆ ಹೊರಚಾಚಿಕೊಂಡು ಉಳಿಯುತ್ತದೆ. ಅದೇ ಬಗೆಯ ತುದಿ ಸಿಕ್ಕರೆ ಅದು ತಾನಾಗಿ ಜೋಡಿಯಾಗುತ್ತದೆ, ಲೈಗೇಸ್ ಅದನ್ನು ಬೆಸೆಯುತ್ತದೆ. ಇನ್ಸುಲಿನ್ ಜೀನ್‌ಗಳ ಒಂದು ತುದಿಯನ್ನು ಇಕೋ ಆರ್ ಒನ್‌ಗೆ, ಇನ್ನೊಂದು ತುದಿಯನ್ನು ಬ್ಯಾಮ್ ಎಚ್ ಒನ್ ಎಂಬ ಬೇರೊಂದು ಕಿಣ್ವಕ್ಕೆ ಹೊಂದುವಂತೆ ಕಟ್ಟಿದ್ದರು. ಎರಡು ತುದಿಗಳೂ ಬೇರೆ ಬೇರೆಯಾಗಿದ್ದರಿಂದ ಜೀನ್ ತಲೆಕೆಳಗಾಗಿ ಸೇರುವ ಅವಕಾಶವೇ ಇರಲಿಲ್ಲ.

ಬೆಸೆದ ಪ್ಲಾಸ್ಮಿಡ್ ಅನ್ನು ಬ್ಯಾಕ್ಟೀರಿಯದ ಒಳಗೆ ಕಳುಹಿಸಲು ಕೋಶಗಳನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮಂಜುಗಡ್ಡೆಯ ಮೇಲಿಟ್ಟು, ಒಂದು ನಿಮಿಷದ ಆಸುಪಾಸು 42 ಡಿಗ್ರಿಯ ನೀರಿಗೆ ಇಳಿಸಿ, ಮತ್ತೆ ಮಂಜುಗಡ್ಡೆಗೆ ತರುತ್ತೇವೆ. ಕೋಟ್ಯಂತರ ಕೋಶಗಳಲ್ಲಿ ಕೆಲವೇ ಕೆಲವು ಪ್ಲಾಸ್ಮಿಡ್ ಅನ್ನು ಒಳಕ್ಕೆ ತೆಗೆದುಕೊಳ್ಳುತ್ತವೆ. ಅವುಗಳನ್ನು ಹುಡುಕುವುದಕ್ಕೆ ಪಿಬಿಆರ್ 322 ಎಂಬ ಪ್ಲಾಸ್ಮಿಡ್‌ನಲ್ಲಿ ಆ್ಯಂಪಿಸಿಲಿನ್ ಮತ್ತು ಟೆಟ್ರಾಸೈಕ್ಲಿನ್ ಔಷಧಗಳನ್ನು ತಡೆದುಕೊಳ್ಳುವ ಎರಡು ಜೀನ್‌ಗಳಿವೆ. ಬ್ಯಾಮ್ ಎಚ್ ಒನ್ ಕತ್ತರಿಸುವ ಜಾಗ ಟೆಟ್ರಾಸೈಕ್ಲಿನ್ ಜೀನ್‌ನ ಒಳಗಿದೆ. ಹಾಗಾಗಿ ಹೊಸ ಜೀನ್ ಸೇರಿದ ಪ್ಲಾಸ್ಮಿಡ್ ಇರುವ ಕೋಶ ಆ್ಯಂಪಿಸಿಲಿನ್ ತಟ್ಟೆಯಲ್ಲಿ ಬೆಳೆಯುತ್ತದೆ, ಟೆಟ್ರಾಸೈಕ್ಲಿನ್ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಒಂದು ತಟ್ಟೆಯ ಕಾಲನಿಗಳ ಮೇಲೆ ಶುದ್ಧೀಕರಿಸಿದ ಮಖಮಲ್ ಬಟ್ಟೆಯನ್ನು ಒತ್ತಿ, ಅದೇ ಅಚ್ಚನ್ನು ಇನ್ನೊಂದು ತಟ್ಟೆಗೆ ಒತ್ತಿದರೆ, ಎರಡನೆಯದರಲ್ಲಿ ಕಾಣೆಯಾದ ಚುಕ್ಕೆಗಳೇ ನಮಗೆ ಬೇಕಾದವು. ಮುಂದೆ ಪ್ರಾಯೋಗಿಕ ತರಗತಿಯಲ್ಲಿ ಇದನ್ನು ಮಾಡುವಾಗ ಒಂದು ವಿಷಯ ನೆನಪಿಡಿ: ಆ್ಯಂಪಿಸಿಲಿನ್ ತಟ್ಟೆಯನ್ನು 37 ಡಿಗ್ರಿಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಬಿಡಬೇಡಿ. ನಿರೋಧಕ ಕಾಲನಿ ಹೊರಬಿಡುವ ಕಿಣ್ವ ಸುತ್ತಲಿನ ಔಷಧವನ್ನು ಒಡೆದುಹಾಕುವುದರಿಂದ, ಪ್ಲಾಸ್ಮಿಡ್ ಇಲ್ಲದ ಸಣ್ಣ ಸಣ್ಣ ಕಾಲನಿಗಳು ದೊಡ್ಡದರ ಸುತ್ತ ಉಂಗುರದಂತೆ ಎದ್ದುಬರುತ್ತವೆ. ಅವುಗಳನ್ನು ಎತ್ತಿಕೊಂಡರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. ಮೆಥಿಯೊನಿನ್‌ನ ಸಂಗತಿಯನ್ನು ಓದಿದ ಮೇಲೆ ಎರಡೂ ಸರಪಳಿಗಳ ಪಟ್ಟಿಯನ್ನು ಬರೆದುಕೊಂಡು ಹುಡುಕಿದೆ. ನಿಜವಾಗಿಯೂ ಒಂದೂ ಇಲ್ಲ. ಈಗ ಮುಂದಿನ ಸಂದೇಹ. ಎ ಮತ್ತು ಬಿ ಸರಪಳಿಗಳು ಬೇರೆ ಬೇರೆ ಬ್ಯಾಕ್ಟೀರಿಯಗಳಲ್ಲಿ ತಯಾರಾದರೆ ಅವು ಸರಿಯಾಗಿ ಕೂಡಿಕೊಳ್ಳುವುದು ಹೇಗೆ? ಈಗಲೂ ಹೀಗೆಯೇ ಮಾಡುತ್ತಾರೆಯೇ? ಅಜ್ಜಿಯ ಪರವಾಗಿ ಇನ್ನೊಂದು ಪ್ರಶ್ನೆ: ಸೀಸೆಯಲ್ಲಿ ಬ್ಯಾಕ್ಟೀರಿಯವಾಗಲಿ ಅದರ ಜೀನ್ ಆಗಲಿ ಉಳಿದಿರುತ್ತದೆಯೇ?

ಉತ್ತರ 3: ಜೈವಿಕ ಔಷಧ ತಯಾರಿಕೆಯಲ್ಲಿ ಕೆಲಸ ಮಾಡುವವರು, ಬೆಂಗಳೂರು

ನಾನು ಹಲವು ವರ್ಷಗಳಿಂದ ಪ್ರೋಟೀನ್ ಶುದ್ಧೀಕರಣ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಜೀನನ್ನು ಸೇರಿಸುವ ಭಾಗಕ್ಕೆ ಪುಸ್ತಕಗಳಲ್ಲಿ ಪುಟಗಟ್ಟಲೆ ಜಾಗ ಸಿಗುತ್ತದೆ; ಕೋಶದಿಂದ ಪ್ರೋಟೀನನ್ನು ಹೊರತೆಗೆದು ಔಷಧವಾಗಿಸುವ ಭಾಗಕ್ಕೆ ಒಂದು ಬಾಣದ ಗುರುತು ಮಾತ್ರ. ಕಾರ್ಖಾನೆಯಲ್ಲಿ ಸಮಯ, ಶ್ರಮ, ಖರ್ಚುಗಳ ದೊಡ್ಡ ಪಾಲು ಆ ಬಾಣದಲ್ಲಿಯೇ ಇದೆ.

ಇನ್ಸುಲಿನ್‌ನಲ್ಲಿ ಆರು ಸಿಸ್ಟೀನ್‌ಗಳಿವೆ, ಎ ಸರಪಳಿಯಲ್ಲಿ ನಾಲ್ಕು, ಬಿ ಸರಪಳಿಯಲ್ಲಿ ಎರಡು. ಎರಡೆರಡು ಸಿಸ್ಟೀನ್‌ಗಳ ಗಂಧಕದ ಪರಮಾಣುಗಳು ಕೂಡಿ ಮೂರು ಡೈಸಲ್ಫೈಡ್ ಬಂಧಗಳಾಗುತ್ತವೆ: ಎರಡು ಬಂಧಗಳು ಎ ಮತ್ತು ಬಿ ಸರಪಳಿಗಳನ್ನು ಹಿಡಿದಿಡುತ್ತವೆ, ಮೂರನೆಯದು ಎ ಸರಪಳಿಯ ಒಳಗೇ ಇದೆ. ಆರನ್ನು ಎರಡೆರಡಾಗಿ ಜೋಡಿಸುವುದಕ್ಕೆ ಲೆಕ್ಕದ ಪ್ರಕಾರ 15 ರೀತಿಗಳಿವೆ, ನಮಗೆ ಬೇಕಾದದ್ದು ಅವುಗಳಲ್ಲಿ ಒಂದೇ ಒಂದು. ಇ. ಕೋಲೈ ಕೋಶದ ಒಳಗಿನ ವಾತಾವರಣದಲ್ಲಿ ಈ ಬಂಧಗಳು ಏರ್ಪಡುವುದೇ ಕಷ್ಟ. ಅದಕ್ಕೇ ಅಲ್ಲಿ ತಯಾರಾದ ಪ್ರೋಟೀನ್ ಮಡಿಸಿಕೊಳ್ಳದೆ, ಇನ್‌ಕ್ಲೂಷನ್ ಬಾಡಿ ಎಂದು ನಾವು ಕರೆಯುವ ಗಟ್ಟಿ ಕಣಗಳಾಗಿ ಕೋಶದೊಳಗೆ ಶೇಖರವಾಗುತ್ತದೆ. 1978ರಲ್ಲಿ ಎ ಮತ್ತು ಬಿ ಸರಪಳಿಗಳನ್ನು ಬೇರೆ ಬೇರೆಯಾಗಿ ಶುದ್ಧಮಾಡಿ, ರಾಸಾಯನಿಕ ಪರಿಸ್ಥಿತಿಯನ್ನು ಹದಗೊಳಿಸಿ, ಕೋಶದ ಹೊರಗೆ ಕೂಡಿಸಿದರು. ಅದು ಸಾಧ್ಯವಾಯಿತು, ಆದರೆ ತಪ್ಪಾಗಿ ಕೂಡಿಕೊಂಡ ಪಾಲು ಗಣನೀಯವಾಗಿತ್ತು. 1982ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದು, ಎಲಿ ಲಿಲ್ಲಿ ಕಂಪನಿ ಹ್ಯೂಮುಲಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು ಹೀಗೆ ತಯಾರಾದ ಇನ್ಸುಲಿನ್. ಮರುಜೋಡಿತ ಡಿಎನ್‌ಎಯಿಂದ ಬಂದು ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆ ಪಡೆದ ಮೊದಲ ಔಷಧವೂ ಅದೇ.

ಮುಂದಿನ ವರ್ಷಗಳಲ್ಲಿ ಈ ದಾರಿಯನ್ನು ಬಿಟ್ಟು, ಪ್ರೊ-ಇನ್ಸುಲಿನ್ ಅನ್ನು ಒಂದೇ ಸರಪಳಿಯಾಗಿ ಇ. ಕೋಲೈಯಲ್ಲಿ ಮಾಡಿಸಲು ತೊಡಗಿದರು. ಸಿ-ಪೆಪ್ಟೈಡ್ ಅನಗತ್ಯ ಭಾಗವೆಂದು ಮೇಲೆ ಓದಿದಾಗ ಅನ್ನಿಸಿರಬಹುದು, ಆದರೆ ಅದು ಎ ಮತ್ತು ಬಿ ಭಾಗಗಳನ್ನು ಸರಿಯಾದ ನಿಲುವಿನಲ್ಲಿ ಎದುರುಬದುರಾಗಿಸಿ, ಸರಿಯಾದ ಸಿಸ್ಟೀನ್‌ಗಳು ಜೊತೆಯಾಗುವಂತೆ ಮಾಡುತ್ತದೆ. ಕೋಶಗಳನ್ನು ಒಡೆದು, ಗಟ್ಟಿ ಕಣಗಳನ್ನು ಯೂರಿಯಾದಂತಹ ದ್ರಾವಣದಲ್ಲಿ ಕರಗಿಸಿ, ನಿಧಾನವಾಗಿ ಮಡಿಸಿಕೊಳ್ಳಲು ಬಿಟ್ಟು, ಆಮೇಲೆ ಟ್ರಿಪ್ಸಿನ್ ಮತ್ತು ಕಾರ್ಬಾಕ್ಸಿಪೆಪ್ಟಿಡೇಸ್ ಬಿ ಎಂಬ ಕಿಣ್ವಗಳಿಂದ ಸಿ-ಪೆಪ್ಟೈಡನ್ನು ತೆಗೆಯುತ್ತಾರೆ. ಬೀಟಾ ಕೋಶ ಮಾಡುವ ಕೆಲಸವನ್ನು ಇಲ್ಲಿ ಪಾತ್ರೆಯಲ್ಲಿ ಮಾಡಿದಂತಾಯಿತು.

ಇನ್ನೊಂದು ದಾರಿ ಯೀಸ್ಟ್. ಯೀಸ್ಟ್ ನಮ್ಮಂತೆಯೇ ನ್ಯೂಕ್ಲಿಯಸ್ ಇರುವ ಜೀವಿ. ಅದರಲ್ಲಿ ಪ್ರೋಟೀನನ್ನು ಮಡಿಸಿ, ಡೈಸಲ್ಫೈಡ್ ಬಂಧಗಳನ್ನು ಕಟ್ಟಿ, ಕೋಶದ ಹೊರಕ್ಕೆ ಸ್ರವಿಸುವ ವ್ಯವಸ್ಥೆ ಇದೆ. ನೊವೊ ನಾರ್ಡಿಸ್ಕ್ ಕಂಪನಿ ಬಳಸುವುದು ಬ್ರೆಡ್ಡಿಗೆ ಹಾಕುವ ಯೀಸ್ಟ್‌ನ ಜಾತಿಯನ್ನು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಜೆನ್ ಎಂಬ ಹೆಸರಿನಲ್ಲಿ ತಂದ ಮಾನವ ಇನ್ಸುಲಿನ್ ಪಿಕಿಯಾ ಎಂಬ ಬೇರೊಂದು ಯೀಸ್ಟ್‌ನಿಂದ ತಯಾರಾದದ್ದು. ಯೀಸ್ಟ್‌ಗೆಂದು ಜೀನ್ ಬರೆಯುವಾಗ ಸಾಮಾನ್ಯವಾಗಿ 31ರ ಸಿ-ಪೆಪ್ಟೈಡ್ ಬದಲಿಗೆ ಕೆಲವೇ ಅಮೈನೊ ಆಮ್ಲಗಳ ಪುಟ್ಟ ಕೊಂಡಿಯನ್ನು ಇಟ್ಟು, ಹೊರಬಂದ ಮೇಲೆ ಕಿಣ್ವದಿಂದ ಅದನ್ನು ಕತ್ತರಿಸುತ್ತಾರೆ. ಇನ್ಸುಲಿನ್‌ಗೆ ಸಕ್ಕರೆಯ ಅಣುಗಳು ಅಂಟಿಕೊಂಡಿರಬೇಕಾದ ಅಗತ್ಯವಿಲ್ಲದಿರುವುದೂ ನಮ್ಮ ಪುಣ್ಯ. ಎರಿತ್ರೊಪೊಯೆಟಿನ್‌ನಂತಹ ಪ್ರೋಟೀನ್‌ಗೆ ಅವು ಬೇಕೇಬೇಕಾದ್ದರಿಂದ ಅದನ್ನು ಸಸ್ತನಿಗಳ ಜೀವಕೋಶಗಳಲ್ಲಿಯೇ ಬೆಳೆಸಬೇಕಾಗುತ್ತದೆ, ಅದರ ಖರ್ಚೇ ಬೇರೆ.

ಸೀಸೆಯಲ್ಲಿ ಏನು ಉಳಿದಿರುತ್ತದೆ ಎಂಬ ಅಜ್ಜಿಯ ಪ್ರಶ್ನೆ ಬಹಳ ಮುಖ್ಯ. ಬ್ಯಾಕ್ಟೀರಿಯವಾಗಲಿ ಯೀಸ್ಟ್ ಆಗಲಿ ಜೀವಂತವಾಗಿ ಅವುಗಳನ್ನು ಬೆಳೆಸುವ ಪಾತ್ರೆಯಾದ ಫರ್ಮೆಂಟರ್‌ನ ಆಚೆಗೆ ಬರುವುದಿಲ್ಲ. ಕೋಶಗಳನ್ನು ಬೇರ್ಪಡಿಸಿದ ಮೇಲೆ ಪ್ರೋಟೀನ್ ದ್ರಾವಣವನ್ನು ಒಂದರ ಹಿಂದೊಂದರಂತೆ ಹಲವು ಕ್ರೊಮ್ಯಾಟೊಗ್ರಫಿ ಕಂಬಗಳ ಮೂಲಕ ಹಾಯಿಸುತ್ತೇವೆ. ವಿದ್ಯುದಾವೇಶ ಬೇರೆ, ಗಾತ್ರ ಬೇರೆ, ನೀರಿನೊಂದಿಗಿನ ಒಲವು ಬೇರೆ ಎಂಬ ಆಧಾರಗಳ ಮೇಲೆ ಇನ್ಸುಲಿನ್ ಮಾತ್ರ ಮುಂದೆ ಹೋಗುತ್ತದೆ. ಡಿಎನ್‌ಎಗೆ ಬಲವಾದ ಋಣಾವೇಶ ಇರುವುದರಿಂದ ಅದನ್ನು ಹಿಡಿದು ತೆಗೆಯುವುದು ಸುಲಭವಾಗುತ್ತದೆ. ಆತಿಥೇಯ ಕೋಶದ ಪ್ರೋಟೀನ್ ಮತ್ತು ಡಿಎನ್‌ಎಯ ಶೇಷ ನಿಗದಿತ ಮಿತಿಯೊಳಗಿದೆ ಎಂಬುದನ್ನು ಪರೀಕ್ಷೆಗಳಿಂದ ಖಚಿತಪಡಿಸಬೇಕು. ಇ. ಕೋಲೈಯ ಹೊರಪದರದಿಂದ ಬರುವ ಎಂಡೊಟಾಕ್ಸಿನ್ ರಕ್ತಕ್ಕೆ ಸೇರಿದರೆ ಜ್ವರ ಬರಿಸುವ ವಸ್ತುವಾದ್ದರಿಂದ ಅದಕ್ಕೆಂದೇ ಪ್ರತ್ಯೇಕ ಪರೀಕ್ಷೆ ಇದೆ. ಯೀಸ್ಟ್‌ನಲ್ಲಿ ಎಂಡೊಟಾಕ್ಸಿನ್ ಹುಟ್ಟುವುದೇ ಇಲ್ಲ, ಆದರೂ ಪರೀಕ್ಷೆಯನ್ನು ಬಿಡುವಂತಿಲ್ಲ.

ಅಜ್ಜಿಗೆ ಹೀಗೆ ಹೇಳಿ: ಚೀಟಿಯಲ್ಲಿ ‘ಹ್ಯೂಮನ್’ ಎಂದಿರುವುದು ಅಮೈನೊ ಆಮ್ಲಗಳ ಕ್ರಮ ಮನುಷ್ಯನದ್ದು ಎಂಬ ಕಾರಣಕ್ಕೆ, ಯಾರ ದೇಹದಿಂದಲೂ ಇನ್ಸುಲಿನ್ ತೆಗೆದಿಲ್ಲ. ಹಿಂದೆ ಹಂದಿಯ ಮತ್ತು ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ ನಮ್ಮ ದೇಶದಲ್ಲಿಯೂ ಬಳಕೆಯಲ್ಲಿತ್ತು. ಹಂದಿಯದು ನಮ್ಮದಕ್ಕಿಂತ ಒಂದು ಅಮೈನೊ ಆಮ್ಲದಲ್ಲಿ, ದನದ್ದು ಮೂರರಲ್ಲಿ ಬೇರೆಯಾಗಿದೆ. ಅಷ್ಟು ಹತ್ತಿರವಿದ್ದುದರಿಂದಲೇ ಅರವತ್ತು ವರ್ಷಗಳ ಕಾಲ ಅವು ಅಸಂಖ್ಯ ಜೀವಗಳನ್ನು ಉಳಿಸಿದವು.

ಉತ್ತರ 4: ವೈದ್ಯರು, ಶಿವಮೊಗ್ಗ

ಚರ್ಚೆ ಬಹಳ ಉಪಯುಕ್ತವಾಗಿದೆ. ಸೀಸೆಯಿಂದ ರೋಗಿಯವರೆಗಿನ ಭಾಗವನ್ನು ನಾನು ಸೇರಿಸುತ್ತೇನೆ.

ಜೀನನ್ನು ನಾವೇ ಬರೆಯಬಹುದು ಎಂದಾದ ಮೇಲೆ, ಪ್ರಕೃತಿಯಲ್ಲಿ ಇದ್ದಂತೆಯೇ ಬರೆಯಬೇಕೆಂಬ ಕಟ್ಟುಪಾಡೂ ಇಲ್ಲವಾಯಿತು. ಈಗ ಬಹಳ ಜನ ರಾತ್ರಿ ತೆಗೆದುಕೊಳ್ಳುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಇದಕ್ಕೆ ಉದಾಹರಣೆ. ಅದರ ಎ ಸರಪಳಿಯ ಕೊನೆಯ ಆಸ್ಪರಜಿನ್ ಬದಲಿಗೆ ಗ್ಲೈಸಿನ್ ಬಂದಿದೆ, ಬಿ ಸರಪಳಿಯ ಕೊನೆಗೆ ಎರಡು ಆರ್ಜಿನಿನ್‌ಗಳು ಸೇರಿವೆ. ಇಷ್ಟರಿಂದಲೇ ಅದು ಆಮ್ಲೀಯ ದ್ರಾವಣದಲ್ಲಿ ಕರಗಿರುತ್ತದೆ, ಚರ್ಮದ ಕೆಳಗಿನ ತಟಸ್ಥ ವಾತಾವರಣಕ್ಕೆ ಬಂದಾಗ ಸೂಕ್ಷ್ಮ ಕಣಗಳಾಗಿ ಕೂತು, ಸುಮಾರು ಒಂದು ದಿನದ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ. ಹೀಗಾಗಿಯೇ ಗ್ಲಾರ್ಜಿನ್ ಸೀಸೆ ನೋಡಲು ತಿಳಿಯಾಗಿರುತ್ತದೆ ಮತ್ತು ಅದನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜ್‌ನಲ್ಲಿ ಬೆರೆಸಬಾರದು. ಊಟಕ್ಕೆ ಮೊದಲು ಕೊಡುವ ಲಿಸ್‌ಪ್ರೊದಲ್ಲಿ ಬಿ ಸರಪಳಿಯ 28 ಮತ್ತು 29ನೆಯ ಅಮೈನೊ ಆಮ್ಲಗಳನ್ನು ಅದಲುಬದಲು ಮಾಡಿದ್ದಾರೆ. ಅದರಿಂದ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಕಡಿಮೆಯಾಗಿ ಔಷಧ ಬೇಗ ರಕ್ತಕ್ಕೆ ಸೇರುತ್ತದೆ. ಯಾವುದನ್ನು ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ಮಾತ್ರ ಚಿಕಿತ್ಸೆ ನೀಡುವ ವೈದ್ಯರೇ ಹೇಳಬೇಕು.

ಸಿ-ಪೆಪ್ಟೈಡ್ ಬಗ್ಗೆಯೂ ಒಂದು ಮಾತು. ನಮ್ಮ ದೇಹ ತಾನೇ ಇನ್ಸುಲಿನ್ ತಯಾರಿಸಿದಾಗ ಪ್ರತಿಯೊಂದು ಇನ್ಸುಲಿನ್ ಅಣುವಿನ ಜೊತೆಗೂ ಒಂದು ಸಿ-ಪೆಪ್ಟೈಡ್ ರಕ್ತಕ್ಕೆ ಬರುತ್ತದೆ. ಸೀಸೆಯಲ್ಲಿರುವ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ, ತಯಾರಿಕೆಯಲ್ಲಿಯೇ ಕತ್ತರಿಸಿ ತೆಗೆದಿರುತ್ತಾರೆ ಅಥವಾ ಮೊದಲಿನಿಂದಲೇ ಹಾಕಿರುವುದಿಲ್ಲ. ಆದ್ದರಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ ರೋಗಿಯ ಮೇದೋಜೀರಕ ಗ್ರಂಥಿಯಲ್ಲಿ ಸ್ವಂತ ಉತ್ಪಾದನೆ ಎಷ್ಟು ಉಳಿದಿದೆ ಎಂದು ತಿಳಿಯಬೇಕಾದಾಗ, ನಾವು ರಕ್ತದ ಇನ್ಸುಲಿನ್ ಬದಲಿಗೆ ಸಿ-ಪೆಪ್ಟೈಡ್ ಪರೀಕ್ಷೆಯನ್ನೇ ಬರೆಯುತ್ತೇವೆ. ನಿಮ್ಮ ಅಜ್ಜಿಯವರ ವರದಿಗಳ ಕಡತದಲ್ಲಿ ಆ ಹೆಸರು ಎಂದಾದರೂ ಕಂಡರೆ, ಅದು 86 ಅಮೈನೊ ಆಮ್ಲಗಳ ಪ್ರೊ-ಇನ್ಸುಲಿನ್‌ನಿಂದ ಕತ್ತರಿಸಿ ಬಂದ ಆ 31ರ ತುಂಡಿನ ಅಳತೆ.